ಬಚ್ಚಲ ಬಾಗಿಲಿನ ಅಳತೆ

ಹಸಿ ಗಾರೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಆ ದರ್ಜಿ ಹೆಂಗಸಿಗೆ ಎಂಟನೇ ವಯಸ್ಸು ಮರಳಿ ಬರುತ್ತಿತ್ತು. ಗಾರೆಕೆಲಸದ ಅಪ್ಪನನ್ನು ಹುಡುಕಿಕೊಂಡು ಹೋಗಿ, ಯಾರದೋ ಅರೆಬರೆ ಕಟ್ಟಿದ ಮನೆಯ ಮೆಟ್ಟಿಲಲ್ಲಿ ಕೂತು ಮಗ್ಗಿ ಒಪ್ಪಿಸುತ್ತಿದ್ದ ದಿನಗಳು ಅವು. ಇವತ್ತು ಆ ವಾಸನೆ ಅವಳದೇ ಮನೆಯದು.

ಪೇಟೆಯಿಂದ ಒಂದೂವರೆ ಗಂಟೆಯ ದಾರಿ. ಸುತ್ತ ಹೊಲ, ನಡುವೆ ಒಂದೇ ಅಚ್ಚಿನಲ್ಲಿ ತೆಗೆದಂಥ ನಲವತ್ತು ಮನೆ. ಪೇಟೆಯಲ್ಲಿ ಅವರ ಕೈಗೆಟುಕುವಂಥದ್ದು ಏನೂ ಇರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಅತ್ತೆ. ಸೊಂಟ ಮುರಿದು ಗಾಲಿಕುರ್ಚಿ ಹಿಡಿದ ಮೇಲೆ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಅವರು ಎರಡು ವರ್ಷ ಬೀದಿ ಕಂಡದ್ದು ಕಿಟಕಿಯಿಂದಲೇ. ಈ ಬೆಳಿಗ್ಗೆ ಮಗ ಅಕ್ಕಪಕ್ಕದವರನ್ನು ಸೇರಿಸಿಕೊಂಡು ಅಮ್ಮನನ್ನು ಕೆಳಗಿಳಿಸಿ, ಬಾಡಿಗೆ ಕಾರು ಹತ್ತಿಸಿ, ತನ್ನ ಬಸ್ಸು ಓಡಿಸಲು ಹೋಗಿದ್ದ.

ಕೊನೆಯ ತಪಾಸಣೆ. ಸಹಿ ಹಾಕಿದರೆ ಕೀಲಿಕೈ. ಸೂಪರ್‌ವೈಸರ್ ಪಟ್ಟಿ ಹಿಡಿದು "ನಲ್ಲಿ ಸರಿ, ಸ್ವಿಚ್ಚು ಸರಿ" ಎನ್ನುತ್ತಿದ್ದಾಗಲೇ ಅತ್ತೆ ಕುರ್ಚಿ ಉರುಳಿಸಿಕೊಂಡು ಬಚ್ಚಲಿಗೆ ಹೊರಟರು. ಟಕ್! ಬಾಗಿಲಲ್ಲೇ ಸಿಕ್ಕಿಬಿದ್ದರು.

ಸೊಸೆ ಟೇಪು ಹಿಡಿದಳು. ಬಾಗಿಲಿನ ಅಗಲ ಒಂದಿಂಚು ಕಡಿಮೆ.

"ಊರವರ ಸೊಂಟದಳತೆಯೆಲ್ಲ ಬಾಯಿಪಾಠ. ಪರದೆ ಹೊಲಿಯೋಕೆ ಕಿಟಕೀನ ನಾಲ್ಕು ಸಲ ಅಳೆದೆ. ನನ್ನ ಸಾರೋಟು ಒಂದು ಕಣ್ಣಿಗೆ ಬೀಳಲಿಲ್ವೇನೇ?" ಅತ್ತೆ ನಕ್ಕರು. ಆಮೇಲೆ ದನಿ ತಗ್ಗಿತು. "ಹೋಗಲಿ ಬಿಡು. ನಾನು ಮಗಳ ಮನೇಲಿ ಇರ್ತೀನಿ. ನೀವಿಬ್ರು ಇಲ್ಲಿ ಹಾಯಾಗಿರಿ."

ಮಗಳ ಮನೆ ನಾಲ್ಕನೇ ಮಹಡಿ. ಮತ್ತದೇ ಕಿಟಕಿ. ಸೊಸೆ ಸೂಪರ್‌ವೈಸರ್ ಕಡೆ ತಿರುಗಿದಳು.

"ಬಾಗಿಲು ಅಗಲ ಮಾಡಿಸೋಕಾಗುತ್ತಾ ಸಾರ್?"

"ನಕ್ಷೇಲಿ ಇರೋದೇ ಇಷ್ಟಮ್ಮ. ಗೋಡೆ ಒಡೆಯೋ ಹಾಗಿಲ್ಲ."

ಒಳಗೆ ಕಪಾಟು ಕೂರಿಸುತ್ತಿದ್ದ ವಯಸ್ಸಾದ ಬಡಗಿ ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡೇ ಬಂದರು. "ಗೋಡೆ ತಂಟೆ ಯಾಕೆ? ತೆರೆದ ಬಾಗಿಲ ದಪ್ಪವೇ ಅಡ್ಡ ನಿಂತಿದೆ, ನೋಡಿ. ಇದನ್ನ ಬಿಚ್ಚಿ ಬಚ್ಚಲ ಹೊರಗಡೆ ಗೋಡೆ ಮೇಲೆ ಜಾರೋ ಹಾಗೆ ಹಾಕಿದ್ರೆ ಆಯ್ತು. ಕಪಾಟಿನ ಜಾರುಬಾಗಿಲಿಗೆ ತಂದ ಕಂಬಿ ಒಂದು ಮಿಕ್ಕಿದೆ."

"ಪಟ್ಟೀಲಿ ಇಲ್ವಲ್ಲ ಯಜಮಾನ್ರೇ..." ಸೂಪರ್‌ವೈಸರ್ ತಡವರಿಸಿದ. ಅತ್ತೆಯ ಮುಖ ನೋಡಿದ. "ನಾನು ಆ ಕೊನೇ ಮನೆ ನೋಡ್ಕೊಂಡು ಬರ್ತೀನಿ. ನನ್ನ ನಡಿಗೆ ಸ್ವಲ್ಪ ನಿಧಾನ."

ಹೊರಗೆ ಕೆಲಸಗಾರರ ಊಟದ ಗಾಡಿ ಹಾರನ್ ಹೊಡೆಯಿತು.

"ಹೋಗಿ ಬನ್ನಿ ಅಣ್ಣ, ಗಾಡಿ ಹೊರಟುಬಿಡುತ್ತೆ," ಎಂದಳು ಸೊಸೆ ಬಡಗಿಗೆ.

"ಅದು ನಾಳೆಯೂ ಬರುತ್ತೆ. ಬಾಗಿಲು ಗಟ್ಟಿಯಾಗಿ ಹಿಡ್ಕೊಳ್ಳಮ್ಮ."

ಮುಕ್ಕಾಲು ಗಂಟೆ ಹಿಡಿಯಿತು. ಕಂಬಿಯ ಮೇಲೆ ಬಾಗಿಲು ಸರ್ರನೆ ಸರಿಯಿತು. ಅತ್ತೆ ಒಳಗೆ ಹೋದರು, ಹೊರಗೆ ಬಂದರು, ಏನೂ ಕೆಲಸವಿಲ್ಲದೆ ಇನ್ನೊಮ್ಮೆ ಹೋದರು. "ಕನ್ನಡಿ ಬಹಳ ಮೇಲಿದೆ," ಒಳಗಿನಿಂದ ದನಿ ಬಂತು. "ನನ್ನ ಮುಖ ನನಗೇ ಕಾಣೋದು ಬೇಡ್ವಾ? ಅದನ್ನೂ ಬರ್ಕೊಳ್ಳಿ."

ಮರಳಿ ಬಂದಿದ್ದ ಸೂಪರ್‌ವೈಸರ್ ಬಾಗಿಲ ಕಡೆ ಕಣ್ಣೆತ್ತದೆ ಕನ್ನಡಿಯನ್ನು ಬರೆದುಕೊಂಡ. ಸೊಸೆ ಸಹಿ ಹಾಕಿದಳು. ಕೀಲಿಕೈ ಕೈಗೆ ಬಂತು.

ಬಡಗಿ ಮರದ ಹೊಟ್ಟು ಗುಡಿಸುತ್ತಿದ್ದರು. ಗಾಡಿ ಹೋಗಿ ಬಹಳ ಹೊತ್ತಾಗಿತ್ತು. ಅತ್ತೆ ತೊಡೆಯ ಮೇಲಿನ ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಕುರ್ಚಿ ಉರುಳಿಸಿಕೊಂಡು ಅವರ ಬಳಿ ಹೋಗಿ ಕೈಗಿಟ್ಟರು.