ಪಂಪಿನ ಶಿಳ್ಳೆ

ಭಾವ ತೀರಿಕೊಂಡ ಮೇಲೆ ಅಕ್ಕನ ಮನೆಯ ಹಜಾರದಲ್ಲಿ ಶಿಳ್ಳೆ ಕೇಳಿಸತೊಡಗಿತು. ಉದ್ದಕ್ಕೆ ಎಳೆದು ಕೊನೆಯಲ್ಲಿ ತುಸು ಮೇಲೆತ್ತಿ ಬಿಡುವ ಶಿಳ್ಳೆ. ಮೀನಿಗೆ ಮೇವು ಹಾಕುವಾಗ ಭಾವ ಹಾಗೇ ಶಿಳ್ಳೆ ಹೊಡೆಯುತ್ತಿದ್ದರು. ನಾನೂ ಅದನ್ನು ಕಿವಿಯಾರೆ ಕೇಳಿದ್ದೇನೆ. ಆದರೆ ದೆವ್ವ ಗಿವ್ವ ನಂಬುವವಳು ನಾನಲ್ಲ. ಅವರ ಮೀನುಗಳಿದ್ದ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ನೀರು ಇಳಿದಿತ್ತು, ಪಂಪು ಗಾಳಿ ಎಳೆಯುತ್ತಿತ್ತು, ಅಷ್ಟೇ.

ಆ ತೊಟ್ಟಿಯಲ್ಲಿ ಅನಿಮೋನ್ ಎಂಬ ಕಡಲಜೀವಿಯೊಂದಿತ್ತು. ನೋಡಲು ಹೂವು, ನಿಜಕ್ಕೆ ಪ್ರಾಣಿ. ಎರಡು ಕಿತ್ತಳೆ ಬಣ್ಣದ ಮೀನುಗಳನ್ನು ಮಡಿಲಲ್ಲಿಟ್ಟುಕೊಂಡು ಎಸಳು ಆಡಿಸುತ್ತಿತ್ತು. ಭಾವ ಅದನ್ನು ಮಹಾರಾಣಿ ಎನ್ನುತ್ತಿದ್ದರು. ಮದುವೆಗೂ ಮೊದಲೇ ಅವರ ಜೊತೆಗಿದ್ದದ್ದರಿಂದ ಅಕ್ಕ ಅದನ್ನು ಸವತಿ ಎಂದು ಕರೆದು ಅವರನ್ನು ರೇಗಿಸುತ್ತಿದ್ದಳು. ತಟ್ಟೆಯಗಲ ಅರಳುತ್ತಿದ್ದ ಮಹಾರಾಣಿ ಈಗ ಮುಷ್ಟಿಯಷ್ಟಾಗಿದ್ದಳು.

ಅವಳಿಗಾಗಿಯೇ ಭಾವ ಮಾಡಿಸಿದ್ದ ದೊಡ್ಡ ತೊಟ್ಟಿ ಎದುರು ಗೋಡೆಗೆ ಬಂದು, ಹದವಾದ ಉಪ್ಪುನೀರು ತುಂಬಿ ಸಿದ್ಧವಾಗಿ ನಿಂತಿತ್ತು. ಅಕ್ಕ ಮಾತ್ರ ಮಹಾರಾಣಿಯನ್ನು ಅದಕ್ಕೆ ಸಾಗಿಸುವುದನ್ನು ಇವತ್ತು ನಾಳೆ ಎಂದು ತಳ್ಳುತ್ತಲೇ ಇದ್ದಳು. ಕೊನೆಗೆ ನಾನೇ ತೊಟ್ಟಿ ಮಾಡಿದವನನ್ನು ಕರೆಸಿದೆ. ಅವನು ಹಳೆಯ ನೀರಿನ ಉಪ್ಪು ಅಳೆದು ಮುಖ ಸಪ್ಪೆ ಮಾಡಿದ.

"ಉಪ್ಪು ವಿಪರೀತ ಆಗಿದೆ ಅಮ್ಮಾ. ನೀರು ಆವಿಯಾದ ಹಾಗೆ ಸಿಹಿನೀರು ತುಂಬ್ತಾ ಇರ್ಬೇಕಿತ್ತು. ಹೀಗೇ ಬಿಟ್ರೆ ಇದು ಉಳಿಯಲ್ಲ. ಹೊಸ ತೊಟ್ಟಿಗೆ ಹಾಕ್ಬಿಡೋಣ, ಅದರ ಪಂಪು ಕೆಳಗಿದೆ, ಸದ್ದೇ ಬರಲ್ಲ."

"ಇನ್ನೊಂದು ವಾರ ಇರ್ಲಿ," ಅಂದಳು ಅಕ್ಕ.

ನನಗೆ ಪಿತ್ತ ನೆತ್ತಿಗೇರಿತು. "ಏನಕ್ಕಾ ಇನ್ನೊಂದು ವಾರ? ಅದು ಭಾವ ಅಲ್ಲ, ಪಂಪು! ಒಂದು ಪಂಪಿಗೋಸ್ಕರ ಅವರ ಮಹಾರಾಣೀನ ಸಾಯಿಸ್ತೀಯಾ?"

ಅಕ್ಕ ಸಿಟ್ಟಾಗಲಿಲ್ಲ. "ಗೊತ್ತು ಕಣೇ. ನೀರು ತುಂಬ್ದೇ ಬಿಟ್ಟಿದ್ದೇ ನಾನು. ತುಂಬಿದ್ರೆ ಅವರು ಸುಮ್ಮನಾಗ್ಬಿಡ್ತಾರೆ."

ತೊಟ್ಟಿಯವನು ಬಕೆಟ್ಟು ಸರಿಸುತ್ತ ನಿಂತ. ಪಂಪು ಮತ್ತೊಮ್ಮೆ ಶಿಳ್ಳೆ ಹಾಕಿತು. ಅಕ್ಕ ಅದನ್ನು ಕೊನೆಯವರೆಗೂ ಕೇಳಿದಳು. ಆಮೇಲೆ ತಾನೇ ಹೋಗಿ ಸ್ವಿಚ್ಚು ಆರಿಸಿದಳು.

ಮಹಾರಾಣಿಯ ಪಾದ ಹಿಂದಿನ ಗಾಜಿಗೆ ಅಂಟಿತ್ತು. ತೊಟ್ಟಿಯವನು ಕೈ ಹಾಕಲು ಹೋದರೆ ಅಕ್ಕ ತಡೆದಳು. "ಎಳೀಬೇಡಿ. ಪಾದ ಹರಿದ್ರೆ ಸಾಯುತ್ತೆ. ಅದು ತಾನಾಗೇ ಬೇಜಾರಾಗಿ ಬಿಡೋ ತನಕ ಕಾಯ್ಬೇಕು ಅಂತಿದ್ರು ನಿಮ್ಮ ಯಜಮಾನ್ರು ಅಲ್ಲ, ನಮ್ಮವರು."

ಅಕ್ಕ ತಾನೇ ನೀರಿಗೆ ಕೈ ಇಳಿಸಿ, ಬೆರಳ ತುದಿಯಿಂದ ಪಾದದ ಅಂಚನ್ನು ಮೆಲ್ಲಗೆ ಸವರುತ್ತ ನಿಂತಳು. ಸೊಂಟ ಹಿಡಿದುಕೊಂಡರೂ ಅವಳು ಕದಲಲಿಲ್ಲ. ಬೆಳಗೆಲ್ಲ ಹಾಗೇ ಕಳೆಯಿತು. ಕೊನೆಗೆ ಅದು ಗಾಜು ಬಿಟ್ಟಿತು, ಆದರೆ ಎಸಳುಗಳು ಅಕ್ಕನ ಬೆರಳಿಗೆ ಅಂಟಿಕೊಂಡವು. ಅಕ್ಕ ಸದ್ದಿಲ್ಲದೆ ಅಳುತ್ತಿದ್ದಳು. ಅದನ್ನೂ ಮೀನುಗಳನ್ನೂ ಹಳೆಯ ನೀರಿನ ಬಕೆಟ್ಟಿನಲ್ಲಿಟ್ಟು, ಹೊಸ ನೀರನ್ನು ಹನಿಹನಿಯಾಗಿ ಬಿಟ್ಟು ಒಗ್ಗಿಸಿ, ಸಂಜೆಗೆ ದೊಡ್ಡ ತೊಟ್ಟಿಗೆ ಇಳಿಸಿದೆವು. ಹಜಾರದಲ್ಲಿ ಪಿಟ್ಟೆಂಬ ಸದ್ದಿಲ್ಲ.

"ಇದನ್ನ ನನ್ನ ಕಣ್ಣಿಗೆ ಬೀಳದ ಹಾಗೆ ತಗೊಂಡ್ಹೋಗು," ಎಂದು ಅಕ್ಕ ಹಳೆಯ ಪಂಪನ್ನು ನನ್ನ ಚೀಲಕ್ಕೆ ಹಾಕಿದಳು.

ಎಸೆಯಬೇಕೆಂದೇ ನನ್ನ ಮನೆಗೆ ತಂದೆ. ಎಸೆಯಲಾಗಲಿಲ್ಲ. ಭಾವ ನನಗೂ ಬೇಕಾಗಿದ್ದರು. ಅಕ್ಕನೆದುರು ಅದನ್ನು ಹೇಳಿಕೊಳ್ಳುವ ಧೈರ್ಯವಿರಲಿಲ್ಲ. ಒಂದೇ ಒಂದು ಸಲ ಕೇಳಿಬಿಡೋಣವೆಂದು ಬಕೆಟ್ಟಿನಲ್ಲಿ ನೀರು ತುಂಬಿ, ಪಂಪು ಇಳಿಬಿಟ್ಟು ಸ್ವಿಚ್ಚು ಹಾಕಿದೆ. ಗೊರಗೊರ ಎಂದಿತು. ಚೊಂಬಿನಿಂದ ನೀರು ತೆಗೆಯುತ್ತ ಹೋದೆ. ಗಾಳಿ ಎಳೆದಾಗ ಗಡಗಡ ಎಂದಿತು. ಉಪ್ಪು ಬೆರೆಸಿದೆ. ಓರೆಯಾಗಿ ಹಿಡಿದೆ. ಏನು ಮಾಡಿದರೂ ಗಡಗಡ, ಗೊರಗೊರ. ಶಿಳ್ಳೆ ಬರಲೇ ಇಲ್ಲ.

ನಾಲ್ಕು ದಿನ ಹಾಗೇ ಮಾಡಿ ನೋಡಿದೆ. ಐದನೆಯ ದಿನ ಅಕ್ಕನ ಫೋನು ಬಂತು.

"ಮಹಾರಾಣಿ ಅರಳಿದ್ದಾಳೆ ಕಣೇ, ತಟ್ಟೆಯಗಲ! ಮೀನೂ ಒಳಗೆ ಹೋಗಿ ಮಲಗಿವೆ." ಆಮೇಲೆ ದನಿ ತಗ್ಗಿಸಿದಳು. "ಮನೆ ಮಾತ್ರ ಬಿಕೋ ಅನ್ನುತ್ತೆ. ನೀನು ಹೇಳಿದ್ದೇ ಸರಿ. ಅದು ಬರೀ ಪಂಪು, ಅಲ್ವೇನೇ?"

ನನ್ನ ಕಾಲ ಬಳಿ ಬಕೆಟ್ಟಿನಲ್ಲಿ ಪಂಪು ಗೊರಗೊರ ಅನ್ನುತ್ತಲೇ ಇತ್ತು. ಫೋನಿಗೆ ಕೇಳಿಸದಂತೆ ಸ್ವಿಚ್ಚು ಆರಿಸಿದೆ.

"ಹೂಂ ಅಕ್ಕಾ," ಅಂದೆ. "ಬರೀ ಪಂಪು."