ದಾನದ ಪಂಚೆಯ ಕೌದಿ

ಸುಬ್ಬರಾಯ ಭಟ್ಟರನ್ನು ಯಾರೂ ಮದುವೆಗೆ ಕರೆಯುತ್ತಿರಲಿಲ್ಲ. ಉಪನಯನಕ್ಕೆ, ಗೃಹಪ್ರವೇಶಕ್ಕೆ ಬೇರೆ ಪುರೋಹಿತರಿದ್ದರು. ಭಟ್ಟರು ಮಾಡಿಸುತ್ತಿದ್ದದ್ದು ಅಪರಕ್ರಿಯೆ ಮಾತ್ರ. ಸಾಗರ, ಹೊಸನಗರದ ಕಡೆ ಯಾರ ಮನೆಯಲ್ಲಾದರೂ ಸಾವಾದರೆ ಅವರ ಫೋನು ಬಡಿದುಕೊಳ್ಳುತ್ತಿತ್ತು. ಹದಿಮೂರು ದಿನ ಆ ಮನೆಯವರಿಗೆ ಅವರೇ ಆಧಾರ. ಹದಿನಾಲ್ಕನೆಯ ದಿನ ಪೇಟೆಯಲ್ಲಿ ಎದುರಾದರೆ ಅದೇ ಜನ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಭಟ್ಟರಿಗೆ ಅದರ ಬಗ್ಗೆ ಸಿಟ್ಟಿರಲಿಲ್ಲ. ಮದುವೆಯ ದಿಬ್ಬಣ ಬರುವುದು ಕಂಡರೆ ತಾವೇ ಓಣಿಯೊಳಗೆ ಸರಿದು ನಿಲ್ಲುತ್ತಿದ್ದರು.

ಅವರ ಹೆಂಡತಿ ವಿನಯಾ. ಮಕ್ಕಳಿರಲಿಲ್ಲ. ಇಕ್ಕೇರಿ ರಸ್ತೆಯ ಹತ್ತಿರದ ಒಂದು ಕೇರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಬಿಳಿ ಬಟ್ಟೆ. ಪ್ರತಿ ಕ್ರಿಯೆಯ ಕೊನೆಗೂ ವಸ್ತ್ರದಾನವೆಂದು ಒಂದು ಪಂಚೆ, ಒಂದು ಶಲ್ಯ ಬರುತ್ತಿತ್ತು. ದಾನಕ್ಕೆಂದೇ ಅಂಗಡಿಯಲ್ಲಿ ಸಿಗುವ ಪಂಚೆಗಳವು. ಬೆಳಕಿಗೆ ಹಿಡಿದರೆ ಆಚೆ ಇರುವವರ ಮುಖ ಕಾಣುವಷ್ಟು ತೆಳ್ಳಗೆ, ಉಟ್ಟರೆ ಮೊಣಕಾಲು ಮುಚ್ಚದಷ್ಟು ಗಿಡ್ಡ. ಕೆಲವು ಪುರೋಹಿತರು ಅವನ್ನು ಮರಳಿ ಅಂಗಡಿಗೇ ಕೊಡುವುದುಂಟು. ಭಟ್ಟರು ಒಪ್ಪಲಿಲ್ಲ. "ಒಂದು ಸಲ ಕೈಗೆ ಬಂದಿದ್ದು ಬಂತು. ಅದನ್ನೇ ಮತ್ತೊಬ್ಬರ ಹತ್ರ ದಾನ ಕೊಡ್ಸಲಾಗ," ಎನ್ನುತ್ತಿದ್ದರು. ವಿನಯಾ ಕೆಲವನ್ನು ಹಪ್ಪಳ ಒಣಗಿಸಲು ಹಾಸಿದಳು, ಕೆಲವನ್ನು ಹಾಲು ಸೋಸಲು ಹರಿದಳು. ಉಳಿದವು ಕಪಾಟು ತುಂಬಿ, ಎರಡು ಟ್ರಂಕು ತುಂಬಿ, ಮಂಚದ ಅಡಿಗೆ ಹೋದವು.

ಎರಡು ವರ್ಷದ ಹಿಂದೆ ಭಟ್ಟರು ಎದೆನೋವು ಎಂದು ಕುಳಿತವರು ಏಳಲಿಲ್ಲ. ಅವರ ಕ್ರಿಯೆ ಮಾಡಿಸಲು ಹೊಸನಗರದಿಂದ ಒಬ್ಬ ಪುರೋಹಿತರನ್ನು ಕರೆಸಬೇಕಾಯಿತು. ದಾನದ ದಿನ ವಿನಯಾ ಭಾವನ ಮಗನನ್ನು ಪೇಟೆಗೆ ಕಳಿಸಿ ಹೊಸ ಪಂಚೆ ತರಿಸಿದಳು. ಮನೆಯಲ್ಲಿ ನೂರಕ್ಕೆ ಹತ್ತಿರ ಪಂಚೆಗಳಿದ್ದವು, ಅವುಗಳಲ್ಲಿ ಒಂದೂ ಗಂಡನ ಉಪಯೋಗಕ್ಕೆ ಬರಲಿಲ್ಲ. ಅಳು ಬಂದದ್ದು ಆಗ. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ.

ಆಮೇಲೆ ಆ ಮನೆಗೆ ಬರುವವರು ಯಾರೂ ಉಳಿಯಲಿಲ್ಲ. ವಿನಯಾ ಒಂದು ಅಂಗಡಿಗೆ ಹಪ್ಪಳ, ಚಕ್ಕುಲಿ ಮಾಡಿಕೊಟ್ಟು ದಿನ ದೂಡುತ್ತಿದ್ದಳು. ಮಾತಾಡುತ್ತಿದ್ದುದು ಗಂಡನ ಫೋನಿನಲ್ಲಿ. ಭಟ್ಟರು ಹೋದ ಸುದ್ದಿ ತಿಳಿಯದವರು ವಾರಕ್ಕೊಬ್ಬರೋ ಇಬ್ಬರೋ ಫೋನು ಮಾಡುತ್ತಿದ್ದರು. ಅವರಿಗೆ ಹೇಳಿ, ಹೊಸನಗರದ ಪುರೋಹಿತರ ನಂಬರು ಕೊಟ್ಟು, "ಯಾವಾಗ ಆತು? ಎಷ್ಟು ವಯಸ್ಸಾಗಿತ್ತು?" ಎಂದು ಕೇಳಿ ಇಡುತ್ತಿದ್ದಳು. ಅಷ್ಟಕ್ಕಾಗಿಯೇ ಆ ಫೋನಿಗೆ ರೀಚಾರ್ಜ್ ಮಾಡಿಸುತ್ತಿದ್ದಳು.

ಹೋದ ವರ್ಷದ ಮಳೆಗಾಲದಲ್ಲಿ ಟ್ರಂಕು ತೆಗೆದರೆ ಪಂಚೆಗಳಿಗೆ ಬೂಸಲು ಹಿಡಿದಿತ್ತು. ಮಡಿಕೆ ಮಡಿಕೆಗೂ ಕರಿಚುಕ್ಕೆ. ಬಿಸಿನೀರಿನಲ್ಲಿ ಕುದಿಸಿ ಒಗೆದರೂ ಹೋಗಲಿಲ್ಲ. ಚುಕ್ಕೆ ಇದ್ದಲ್ಲಿ ಕತ್ತರಿಸಿ ತೆಗೆಯುತ್ತಾ ಹೋದಳು. ಉಳಿದದ್ದು ಬರೀ ತುಂಡು. ಒಂದು ಅಂಗೈಯಗಲ, ಒಂದು ಮೊಳದುದ್ದ, ಒಂದು ಮೂರು ಮೂಲೆಯದು. ಎಸೆಯಲು ಕೈ ಬರಲಿಲ್ಲ. ಅವಳ ತಾಯಿ ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದರು. ಆ ಹೊಲಿಗೆಯ ರೀತಿ ಇವಳಿಗೆ ನೆನಪಿತ್ತು. ತುಂಡುಗಳನ್ನು ಜೋಡಿಸಿ ಹಾಳೆ ಮಾಡಿ, ಹಾಳೆಯ ಮೇಲೆ ಹಾಳೆ ಏಳು ಪದರ ಇಟ್ಟು, ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹೊಲಿದಳು. ನೂಲೂ ಬಿಳಿಯದೇ. ತೆಳು ಬಟ್ಟೆಯಾದ್ದರಿಂದ ಏಳು ಪದರವಾದರೂ ಬೆಣ್ಣೆಯಂತೆ ಮೆತ್ತಗಿತ್ತು. ನಾಲ್ಕು ತಿಂಗಳಲ್ಲಿ ಮೂರು ಕೌದಿಗಳಾದವು. ಎರಡು ದೊಡ್ಡವು, ಒಂದು ಚಿಕ್ಕದು.

ಎದುರಿನ ಮನೆಯ ಮಹಡಿಗೆ ಆಗಷ್ಟೇ ಒಂದು ಸಂಸಾರ ಬಂದಿತ್ತು. ರಂಜನಾ ಎಂಬ ಹುಡುಗಿ, ಬ್ಯಾಂಕಿನಲ್ಲಿ ಕೆಲಸ, ಎರಡು ತಿಂಗಳ ಮಗುವಿನ ತಾಯಿ. ಊರಿಗೆ ಹೊಸಬಳು. ಮಗು ಅತ್ತಾಗ ಎತ್ತಿಕೊಂಡು ಕೆಳಗೆ ಬಂದು ವಿನಯಾಳ ಜಗಲಿಯಲ್ಲಿ ಕೂರುತ್ತಿದ್ದಳು. ಒಂದು ದಿನ ಚಿಕ್ಕ ಕೌದಿ ಕಂಡು ಕೈಯಾಡಿಸಿದಳು.

"ಎಷ್ಟ್ ಮೆತ್ತಗಿದೆ ಆಂಟಿ! ಹಳೇ ಪಂಚೇದಾ?"

"ಹೂಂ. ನಮ್ಮನೆಯವ್ರ ಕಾಲದ್ದು," ಎಂದಳು ವಿನಯಾ.

"ಪಾಪುಗೆ ಇಂಥದ್ದೇ ಬೇಕಿತ್ತು. ಅಂಗಡೀದೆಲ್ಲ ಚುಚ್ಚತ್ತೆ."

ವಿನಯಾ ತಡೆಯಲಿಲ್ಲ. ಮಡಚಿ ಅವಳ ಕೈಗಿತ್ತಳು. ಹೇಳಿದ್ದು ಸುಳ್ಳಾಗಿರಲಿಲ್ಲ, ನಿಜವೂ ಆಗಿರಲಿಲ್ಲ. ಬಟ್ಟೆ ಎಲ್ಲಿಂದ ಬಂದದ್ದೆಂದು ಹೇಳಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಈ ಹುಡುಗಿ ನಾಳೆ ಜಗಲಿಗೆ ಬಾರದೆ ಹೋದರೆ? 

ಎಂಟು ಹತ್ತು ದಿನ ಮಗು ಆ ಕೌದಿಯ ಮೇಲೆ ಮಲಗಿತು. ರಂಜನಾ ಮೇಲಿನಿಂದಲೇ ಕೂಗಿ, "ಆಂಟಿ, ಮೂರು ಗಂಟೆ ಎದ್ದಿಲ್ಲ ಇವಳು!" ಎಂದು ಹೇಳುತ್ತಿದ್ದಳು. ವಿನಯಾ ಇನ್ನೊಂದು ಚಿಕ್ಕದಕ್ಕೆ ತುಂಡುಗಳನ್ನು ಆರಿಸಲು ಶುರುಮಾಡಿದಳು.

ಆಮೇಲೆ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಿಂದ ರಂಜನಾಳ ಅತ್ತೆ ಬಂದರು. ಅವರು ಎರಡೇ ದಿನದಲ್ಲಿ ಕೇರಿಯವರ ಜೊತೆ ಮಾತಾಡಿ ಯಾರ ಮನೆ ಯಾವುದು, ಭಟ್ಟರು ಏನು ಮಾಡಿಸುತ್ತಿದ್ದರು ಎಂದೆಲ್ಲ ತಿಳಿದುಕೊಂಡರು. ಮೂರನೆಯ ದಿನ ಸಂಜೆ ರಂಜನಾ ಒಂದು ಜವಳಿ ಅಂಗಡಿಯ ಚೀಲ ಹಿಡಿದು ಗೇಟಿನ ಬಳಿ ನಿಂತಳು. ಒಳಗೆ ಬರಲಿಲ್ಲ.

"ಆಂಟಿ, ನಂಗೇನೂ ಇಲ್ಲ. ನಾ ಇದನ್ನೆಲ್ಲ ನಂಬಲ್ಲ. ಅತ್ತೆ ಸುಮ್ನಿರಲ್ಲ. ಮೊದ್ಲೇ ಒಂದ್ ಮಾತು ಹೇಳ್ಬೋದಿತ್ತಲ್ಲ ನೀವು?"

"ಹೇಳ್ಬೇಕಿತ್ತು," ಎಂದಳು ವಿನಯಾ. "ತಪ್ಪಾಯ್ತು ಕಣಮ್ಮ."

ಚೀಲದಲ್ಲಿ ಕೌದಿ ಒಗೆದು, ಇಸ್ತ್ರಿ ಮಾಡಿ, ಮಡಚಿ ಇತ್ತು. ಡೆಟಾಲ್ ವಾಸನೆ ಬರುತ್ತಿತ್ತು. ಮೇಲೊಂದು ಪೊಟ್ಟಣ ಮೈಸೂರುಪಾಕು. ವಿನಯಾ ಪೊಟ್ಟಣ ಬಿಚ್ಚಲಿಲ್ಲ. ಅತ್ತೆಯ ಮೇಲೆ ಅವಳಿಗೆ ಕೋಪ ಬರಲಿಲ್ಲ. ಅವಮಾನಕ್ಕಿಂತ ಹೆಚ್ಚು ನೋಯಿಸಿದ್ದು ರಂಜನಾ ಕೇಳಿದ ಆ ಒಂದು ಮಾತು. ಮೊದಲೇ ಹೇಳಿ, ಬೇಡವೆನಿಸಿಕೊಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಜೊತೆ ಬೇಕೆಂಬ ಆಸೆಗೆ ಬಾಯಿ ಮುಚ್ಚಿಕೊಂಡದ್ದು ತಾನೇ.

ಅತ್ತೆ ಹಿಂದಿರುಗಿದ ಮೇಲೂ ರಂಜನಾ ಜಗಲಿಗೆ ಬರಲಿಲ್ಲ. ಗೇಟಿನಾಚೆಯಿಂದ ನಗುತ್ತಿದ್ದಳು, ಕೆಲಸಕ್ಕೆ ಹೊರಟಾಗ ಕೈ ಎತ್ತುತ್ತಿದ್ದಳು. ಮಗು ಮಗ್ಗಲು ಮಗುಚಿದ್ದು, ಕೂರಲು ಕಲಿತದ್ದು ವಿನಯಾಳಿಗೆ ತಿಳಿಯಲಿಲ್ಲ. ತುಂಡುಗಳನ್ನು ಗಂಟು ಕಟ್ಟಿ ಮಂಚದ ಅಡಿಗೆ ನೂಕಿದಳು.

ಮಾಘದಲ್ಲಿ ಒಂದು ಬೆಳಗ್ಗೆ ಗಂಡನ ಫೋನು ಬಡಿಯಿತು. ಹೆಂಗಸಿನ ದನಿ. ವಿನಯಾಳದೇ ಮನೆಮಾತಿನಲ್ಲಿ ಮಾತಾಡಿದಳು.

"ಭಟ್ರು ಇದ್ವಾ? ಯಾನು ಹೊಸನಗರದಿಂದ, ಶರಾವತಿ ಹೇಳಿ ಹೆಸ್ರು. ಅಪ್ಪಯ್ಯ ತೀರಿಹೋದ. ಒಂಬತ್ತು ವರ್ಷದ ಹಿಂದೆ ಅಮ್ಮನ ಕ್ರಿಯೆ ಭಟ್ರೇ ಮಾಡ್ಸಿದ್ದು. ಡೈರಿಲಿ ನಂಬರು ಇತ್ತು."

ವಿನಯಾ ಎಂದಿನಂತೆ ವಿಷಯ ಹೇಳಿ ನಂಬರು ಕೊಟ್ಟಳು. ಮೂರು ದಿನ ಬಿಟ್ಟು ಅದೇ ದನಿ ಮತ್ತೆ ಬಂತು. ಹತ್ತನೆಯ ದಿನಕ್ಕೆ ಎಂತೆಲ್ಲ ಒದಗಿಸಬೇಕು, ಪುರೋಹಿತರು ಗಡಿಬಿಡಿಯಲ್ಲಿ ಹೇಳಿದ್ದು ಅರ್ಥವಾಗಲಿಲ್ಲ ಎಂದು. ವಿನಯಾಳಿಗೆ ಎಲ್ಲ ಬಾಯಿಪಾಠವಿತ್ತು. ನಿಧಾನವಾಗಿ ಹೇಳಿದಳು. ಹದಿಮೂರು ದಿನ ಮುಗಿದ ಮೇಲೂ ಫೋನು ಬಂದಾಗ ಅವಳಿಗೆ ಆಶ್ಚರ್ಯವಾಯಿತು.

"ಎಂತ ಆತು ತಂಗಿ? ಮತ್ತೆಂತಾದ್ರೂ ಕೇಳದು ಇತ್ತಾ?"

"ಎಂತದೂ ಇಲ್ಲೆ ಅಕ್ಕ. ಸುಮ್ನೆ ಮಾಡಿದಿ."

ಶರಾವತಿಗೆ ನಲವತ್ತೇಳು. ಮದುವೆಯಾಗಿರಲಿಲ್ಲ. ತಂದೆ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದರು, ನೋಡಿಕೊಂಡವಳು ಇವಳೊಬ್ಬಳೇ. ಅಣ್ಣ ಶ್ರೀಶ ಹುಬ್ಬಳ್ಳಿಯಿಂದ ಬಂದು ಕ್ರಿಯೆ ಮುಗಿಸಿ ಹೋಗಿದ್ದ. ಈಗ ಗಂಟೆ ಗಂಟೆಗೂ ಮಗ್ಗಲು ಬದಲಿಸಲು, ಗಂಜಿ ಕುಡಿಸಲು ಯಾರೂ ಇಲ್ಲ. ಕೈ ಸುಮ್ಮನಿರುವುದಿಲ್ಲ ಎನ್ನುತ್ತಿದ್ದಳು. ದಿನ ಬಿಟ್ಟು ದಿನ ಮಧ್ಯಾಹ್ನ ಊಟವಾದ ಮೇಲೆ ಫೋನು ಬರತೊಡಗಿತು. ವಿನಯಾ ಊಟದ ತಟ್ಟೆ ತೊಳೆಯುವ ಮುಂಚೆ ಫೋನಿನ ಪಕ್ಕ ಬಂದು ಕೂರುವಂತಾದಳು.

ಒಂದು ದಿನ ಮಾತಿನ ನಡುವೆ ಕೌದಿಯ ವಿಷಯ ಬಂತು. ಈ ಸಲ ವಿನಯಾ ಏನನ್ನೂ ಮುಚ್ಚಿಡಲಿಲ್ಲ. ಪಂಚೆಗಳು ಎಲ್ಲಿಯವು, ಮಗುವಿಗೆ ಕೊಟ್ಟದ್ದು, ಅದು ಮರಳಿ ಬಂದದ್ದು, ತಾನು ಯಾಕೆ ಬಾಯಿ ಬಿಡಲಿಲ್ಲ ಎಂಬುದು, ಎಲ್ಲ ಹೇಳಿದಳು.  ಲೈನು ಕಟ್ಟಾಯಿತೆಂದು ವಿನಯಾ ಎರಡು ಸಲ "ಹಲೋ" ಎಂದಳು.

"ಇದ್ದಿ ಅಕ್ಕ," ಎಂದಳು ಶರಾವತಿ. "ಒಂದು ಯಂಗೆ ಕೊಡ್ತ್ಯಾ?"

ಮುಂದಿನ ವಾರ ವಿನಯಾ ದೊಡ್ಡ ಕೌದಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಬಟ್ಟೆಮಲ್ಲಪ್ಪ ಎಂಬ ಊರಿನ ಮೇಲೆ ಹೊಸನಗರಕ್ಕೆ ಹೋಗುವ ಬಸ್ಸು ಹತ್ತಿದಳು. ಗಂಡ ಹೋದ ಮೇಲೆ ಸಾಗರ ಬಿಟ್ಟು ಹೊರಟದ್ದು ಅದೇ ಮೊದಲು. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರನ್ನೊಬ್ಬರು ಗುರುತಿಸಲು ಶರಾವತಿ ಫೋನೇ ಮಾಡಬೇಕಾಯಿತು. ದನಿಯಿಂದ ಶರಾವತಿ ಸಣಕಲು ಹೆಂಗಸೆಂದು ವಿನಯಾ ಎಣಿಸಿದ್ದಳು. ಎದುರಿಗೆ ನಿಂತವಳು ಎತ್ತರದ, ಅಗಲ ಭುಜದ, ಅರ್ಧ ತಲೆ ನರೆತ ಹೆಂಗಸು. ಇಬ್ಬರಿಗೂ ನಾಚಿಕೆಯಾಯಿತು. ಹೋಟೆಲಿನಲ್ಲಿ ಕೂತು ಕಾಫಿ ಕುಡಿದರು. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದವರಿಗೆ ಅಲ್ಲಿ ಮಾತೇ ಹುಟ್ಟಲಿಲ್ಲ. ಬಿಸಿಲು ಜಾಸ್ತಿ ಎಂದರು, ಬಸ್ಸಿನಲ್ಲಿ ರಶ್ ಇತ್ತಾ ಎಂದರು. ಶರಾವತಿ ಮನೆಗೆ ಬಾ ಎಂದು ಕರೆಯಲಿಲ್ಲ. ಕರೆದರೇನು ಮಾಡುವುದು ಎಂದು ವಿನಯಾ ಹೆದರಿದ್ದಳು, ಕರೆಯದಿದ್ದಾಗ ಬೇಸರಪಟ್ಟಳು.

ಬಸ್ಸಿಗೆ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕೂತಾಗ ಶರಾವತಿ ಚೀಲದಿಂದ ಕೌದಿ ತೆಗೆದು ಮಡಿಲಲ್ಲಿ ಬಿಡಿಸಿದಳು. ಜೋಡಿಸಿದ ತುಂಡುಗಳ ಮೇಲೆ ಬೆರಳಾಡಿಸಿದಳು.

"ಇದ್ರಲ್ಲಿ ಎಷ್ಟು ಮನೆ ಪಂಚೆ ಇದ್ದು?"

ವಿನಯಾ ಹಾಗೆ ಯೋಚಿಸಿಯೇ ಇರಲಿಲ್ಲ. "ಯಂಗೆ ಗೊತ್ತಿಲ್ಲೆ. ಇಪ್ಪತ್ತು, ಮೂವತ್ತು ಇಕ್ಕು."

"ಅಮ್ಮನ ಕ್ರಿಯೆದೂ ಇಕ್ಕಾ?"

ವಿನಯಾ ಬಟ್ಟೆ ನೋಡಿದಳು. ಹೌದೆಂದರೆ ಇವಳಿಗೆ ಸಮಾಧಾನವಾದೀತು. ಆದರೆ ಎಲ್ಲ ಒಂದೇ ಬಿಳಿ. ಯಾವುದಕ್ಕೂ ಗುರುತಿಲ್ಲ.

"ಇದ್ರೂ ಇಕ್ಕು, ಇಲ್ದೆಯೂ ಇಕ್ಕು. ಸುಳ್ಳು ಹೇಳ್ತ್ನಿಲ್ಲೆ ತಂಗಿ," ಎಂದಳು.

ಶರಾವತಿ ತಲೆಯಾಡಿಸಿದಳು. ಒಂದು ತುಂಡಿನ ಮೇಲೆ ಅಂಗೈ ಇಟ್ಟುಕೊಂಡಳು. ಸಾಗರದ ಬಸ್ಸು ಬಂದಾಗ ಅವಳು ವಿನಯಾಳ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಹನ್ನೊಂದು ವರ್ಷ ಒಬ್ಬರನ್ನು ಎತ್ತಿ ಕೂರಿಸಿದ ಕೈ ಅದು, ಗಟ್ಟಿಯಾಗಿತ್ತು. ತನ್ನನ್ನು ಯಾರಾದರೂ ಹಾಗೆ ಹಿಡಿದು ಎಷ್ಟು ಕಾಲವಾಯಿತೆಂದು ವಿನಯಾ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು.

ಅಲ್ಲಿಂದ ಹತ್ತು ದಿನ ಶರಾವತಿಯ ಫೋನು ಬರಲಿಲ್ಲ. ನೋಡಿದ ಮೇಲೆ ಬೇಡವೆನಿಸಿತೇನೋ, ಕೌದಿಗೇ ಹೇಸಿಗೆಯಾಯಿತೇನೋ ಎಂದು ವಿನಯಾ ಕೊರಗಿದಳು. ಹನ್ನೊಂದನೆಯ ದಿನ ತಾನೇ ನಂಬರು ಒತ್ತಿದಳು. ಆ ಫೋನಿನಿಂದ ಅವಳು ತಾನಾಗಿ ಯಾರಿಗೂ ಮಾಡಿದ್ದಿಲ್ಲ.

"ಅಕ್ಕ," ಎಂದಳು ಶರಾವತಿ. ದನಿಯಲ್ಲಿ ಸಂಕೋಚವಿತ್ತು. "ಕೌದಿ ಹಾಸಿದ್ನಿಲ್ಲೆ. ಅಪ್ಪಯ್ಯನ ಮಂಚದ ಮೇಲೆ ಮಡಚಿ ಇಟ್ಟಿದ್ದಿ. ನೀ ಕೇಳಿದ್ರೆ ಎಂತ ಹೇಳದು? ಅದ್ಕೇ ಫೋನು ಮಾಡಿದ್ನಿಲ್ಲೆ. ನಿನ್ನೆ ಮಧ್ಯಾಹ್ನ ಅದ್ರ ಮೇಲೆ ಒಂದು ಗಳಿಗೆ ಮಲಗಿದಿ. ನಿದ್ದೆ ಬಂತು."

"ಎಷ್ಟು ಹೊತ್ತು?"

"ದೀಪ ಹಚ್ಚ ಹೊತ್ತಿನವರೆಗೂ."

ಅಷ್ಟರಲ್ಲಿ ಆ ಕಡೆ ಯಾರೋ ಬಾಗಿಲಲ್ಲಿ ಕರೆದರು. "ಆಮೇಲೆ ಮಾಡ್ತಿ ಅಕ್ಕ," ಎಂದು ಶರಾವತಿ ಇಟ್ಟಳು.

ವಿನಯಾ ಸಂಜೆಯವರೆಗೆ ಫೋನಿನ ಪಕ್ಕದಲ್ಲೇ ಚಕ್ಕುಲಿ ಹಿಟ್ಟು ಕಲಸಿದಳು. ಅಂದು ಫೋನು ಬರಲಿಲ್ಲ. ಮಾರನೆಯ ದಿನ ಊಟದ ಹೊತ್ತಿಗೆ ಬಂತು.