ಬಾಗಿಲಲ್ಲಿ ನಿಂತವನ ಮುಖ

ಚಿತ್ರ ಬರೆಯುವಾಗ ನನ್ನದೊಂದು ಹಾಳು ಹಟ: ಯಾವ ಮುಖವನ್ನೂ ಕಲ್ಪಿಸಿಕೊಂಡು ಬರೆಯುವವಳಲ್ಲ. ಎದುರಿಗೆ ಯಾರಾದರೂ ಕೂರಲೇಬೇಕು. ಅಪ್ಪನನ್ನು ಯಾರೋ ಮನೆಯಿಂದ ಎಳೆದೊಯ್ದ ಆ ರಾತ್ರಿಯ ಚಿತ್ರಕ್ಕೂ ಹಾಗೇ ಮಾಡಿದೆ. ಆಗ ನಾನು ತೊಟ್ಟಿಲ ಕೂಸು. ಬಂದವರು ಹೇಗಿದ್ದರೆಂದು ಕೇಳಿದಾಗಲೆಲ್ಲ ಅಮ್ಮ, "ಟಾರ್ಚ್ ಕಣ್ಣಿಗೆ ಹೊಡೀತಿತ್ತು, ಏನೂ ಕಾಣ್ಲಿಲ್ಲ" ಎನ್ನುತ್ತಿದ್ದಳು. ಸರಿ, ಬಾಗಿಲಲ್ಲಿ ನಿಂತವನಿಗೆ ಪೇಟೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಮುದುಕನ ಮುಖ ಕೊಟ್ಟೆ. ಕಟ್ಟಜ್ಜ ಅಂತಲೇ ಕರೆಯುತ್ತಿದ್ದೆ. ಪುಣ್ಯಾತ್ಮ, ಅಂಗಡಿಯಲ್ಲೇ ಅಲ್ಲಾಡದೆ ಕೂತ. ಗಡ್ಡ ತೆಗೆದು, ವಯಸ್ಸು ಇಳಿಸಿ ಬರೆದೆ.

ಬಣ್ಣ ಕರಗಿಸುವ ಟರ್ಪೆಂಟೈನ್ ವಾಸನೆಗೆ ಕೆಮ್ಮು ಬರುತ್ತದೆಂದು ಅಮ್ಮ ನನ್ನ ಕೋಣೆಗೆ ಕಾಲಿಡುವುದಿಲ್ಲ. ಇವತ್ತು ಊಟಕ್ಕೆ ಕರೆಯಲು ಬಂದವಳು ಚಿತ್ರದಲ್ಲಿ ಬಾಗಿಲಲ್ಲಿ ನಿಂತವನ ಕಡೆ ಬೆರಳು ತೋರಿಸಿದಳು.

"ಇವನು ನಿಂಗೆಲ್ಲಿ ಸಿಕ್ಕಿದ?"

"ಯಾರಮ್ಮಾ?"

"ಇವನೇ ಕಣೇ ಅವನು! 'ನನ್ನ ಮುಖ ನೋಡಿದ್ದೆ ಅಂತ ಎಲ್ಲಾದ್ರೂ ಬಾಯಿಬಿಟ್ರೆ ಮಗು ಉಳಿಯಲ್ಲ' ಅಂದಿದ್ದ. ಅದಕ್ಕೇ ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದೆ."

ಅಯ್ಯೋ, ನನ್ನ ಬುದ್ಧಿಗಿಷ್ಟು! ಕಟ್ಟು ಹಾಕೋಕೆ ಅಳತೆ ತಗೊಳ್ಳಿ ಬನ್ನಿ ಎಂದು ಬೆಳಿಗ್ಗೆ ನಾನೇ ಅವನನ್ನು ಕರೆದಿದ್ದೆ. ಫೋನ್ ಮಾಡಿದರೆ ಎತ್ತಲಿಲ್ಲ, ಹೊರಟಾಗಿತ್ತೇನೋ. ಟರ್ಪೆಂಟೈನ್ ಬಟ್ಟೆ ತಗೊಂಡು ಆ ಮುಖವನ್ನು ಉಜ್ಜತೊಡಗಿದೆ.

ಅಮ್ಮ ಕೈ ಹಿಡಿದಳು. "ಅಳಿಸ್ಬೇಡ ಕಣೇ. ಅವನ ಮೇಲೆ ಇರೋ ಸಾಕ್ಷಿ ಇದೊಂದೇ."

"ಸುಮ್ನೆ ಒಳಗೆ ಹೋಗಮ್ಮಾ!" ಎಂದು ಗದರಿ ದಬ್ಬಿಬಿಟ್ಟೆ. ಹೆದರಿಕೆಯಲ್ಲಿ ನನಗೆ ಹೆತ್ತವಳೆಂಬ ಮರ್ಯಾದೆಯೂ ಉಳಿಯಲಿಲ್ಲ.

ಅಜ್ಜ ಟೇಪು ಹಿಡಿದುಕೊಂಡು ಬಂದ. "ಅರೆ, ನನ್ನ ಮುಖ ಎಲ್ಲಿ ಹೋಯ್ತಮ್ಮಾ?"

"ಸರಿ ಬರ್ಲಿಲ್ಲ ಅಜ್ಜ."

"ಅದಕ್ಕೇನಂತೆ? ಮತ್ತೆ ಬರಿ, ಕೂತ್ಕೋತೀನಿ." ಸ್ಟೂಲ್ ಎಳೆದುಕೊಂಡು ಕೂತ. ಅಂಗಡಿಯಲ್ಲಿ ನಾನು ಬರೆದುಕೊಂಡಿದ್ದು ಅವನ ಮುಖವನ್ನು ಮಾತ್ರ. ಇಡೀ ಚಿತ್ರ ಅವನು ಕಂಡಿದ್ದು ಈಗಲೇ. ಬಾಗಿಲು, ಹೊಸ್ತಿಲಲ್ಲಿ ಅಪ್ಪನ ಕಳಚಿದ ಚಪ್ಪಲಿ, ತೊಟ್ಟಿಲು ಅಪ್ಪಿಕೊಂಡ ಹೆಂಗಸು. ಒಂದೊಂದನ್ನೇ ನೋಡುತ್ತಾ ಹೋದ. ಅವನ ನಗು ನಿಂತಿತು.

ಒಳಬಾಗಿಲು ತೆರೆಯಿತು.

"ಬರಿ ಮಗಳೇ" ಎಂದಳು ಅಮ್ಮ. "ಹುಬ್ಬು ಇನ್ನೂ ದಪ್ಪ ಇತ್ತು. ನಾನು ಹೇಳ್ತೀನಿ, ನೀನು ಬರಿ."

ಅವನು ಅಮ್ಮನನ್ನು ನೋಡಿದ. ಆಮೇಲೆ ನನ್ನ ಕಡೆ ಕೈ ತೋರಿಸಿ, ಅದೇ ಅಕ್ಕರೆಯ ದನಿಯಲ್ಲಿ ಕೇಳಿದ, "ಆ ಮಗು ಇವಳೇನಾ?"

ಅಮ್ಮ ಬಂದು ನಮ್ಮಿಬ್ಬರ ನಡುವೆ ನಿಂತಳು.

"ಹೂಂ, ಇವಳೇ" ಎಂದಳು. "ನಾನು ನಿನ್ನ ಮುಖ ನೋಡಿದ್ದೆ."